ಐವತ್ತೆಂಟು ವ್ಯಾಗನ್, ಒಂದು ಕೋಣೆ

ರೈಲ್ವೆ ಗೇಟು ಬಿದ್ದಾಗ ವ್ಯಾಗನ್ ಎಣಿಸದ ಮಕ್ಕಳುಂಟೇ? ಅರಸೀಕೆರೆಯ ಹಳಿಗಳ ಪಕ್ಕ ಬೆಳೆದ ನನಗೆ ಎಣಿಕೆ ನಲವತ್ತು ದಾಟಿದರೆ ಎದೆ ಹಿಗ್ಗುತ್ತಿತ್ತು. ಈಗ ಘಾಜಿಯಾಬಾದ್ ಜಂಕ್ಷನ್ನಿನ ಮೇಲ್ಸೇತುವೆಯಲ್ಲಿ ನಿಂತರೂ ಬಾಯಿ ತಾನಾಗಿ ಎಣಿಸತೊಡಗುತ್ತದೆ. ದೆಹಲಿ, ಮೀರತ್, ಮುರಾದಾಬಾದ್, ಅಲೀಗಢ ಕಡೆಯ ಹಳಿಗಳೆಲ್ಲ ಇಲ್ಲಿ ಕೂಡುತ್ತವೆ. ಉತ್ತರ ರೈಲ್ವೆಯ ದೊಡ್ಡ ವಿದ್ಯುತ್ ಎಂಜಿನ್ ಶೆಡ್ಡೂ ಇಲ್ಲೇ ಇದೆ. ಕಲ್ಲಿದ್ದಲಿನ ಗೂಡ್ಸ್ ಗಾಡಿ ಬಂದರೆ ಸಾಮಾನ್ಯವಾಗಿ 58 ವ್ಯಾಗನ್, ಕೊನೆಗೊಂದು ಬ್ರೇಕ್ ವ್ಯಾನ್. ಅದು ಪೂರ್ತಿ ದಾಟುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ.

ಮಾದರಿ ರೈಲು ಎಂದೊಡನೆ ಒಂದು ಎಂಜಿನ್ನು, ನಾಲ್ಕು ಡಬ್ಬಿ, ಒಂದು ಸುರಂಗ, ಹಸಿರು ಬಳಿದ ಗುಡ್ಡ ಕಣ್ಣ ಮುಂದೆ ಬರುತ್ತವೆ. ಅದೇ ಹವ್ಯಾಸದೊಳಗೆ ಇನ್ನೊಂದು ಹಟವಿದೆ. ನಿಜವಾದ ಗಾಡಿಗೆ ಎಷ್ಟು ವ್ಯಾಗನ್ನೋ ಅಷ್ಟನ್ನೂ, ಒಂದೂ ಬಿಡದೆ, ಮನೆಯೊಳಗೆ ಓಡಿಸುವುದು. ಲೋಕದಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಇರುವುದರಿಂದ ಲೆಕ್ಕಕ್ಕೆ 19 ಮಿ.ಮೀ. ಮೀರಿ ಇರಬೇಕಿತ್ತು. ಆದರೂ ಸುಲಭವಾಗಿ ಸಿಗುವ ಹಳಿ 16.5 ಮಿ.ಮೀ.ಯದ್ದೇ ಎಂದು ಬಹುತೇಕರು ಒಪ್ಪಿಕೊಳ್ಳುತ್ತಾರೆ, ನಾನೂ ಒಪ್ಪಿದ್ದೇನೆ.

ಕಲ್ಲಿದ್ದಲು ಒಯ್ಯುವ ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ 10.7 ಮೀಟರ್, ಎಚ್‌ಒ ಅಳತೆಯಲ್ಲಿ 12.3 ಸೆಂ.ಮೀ. ಐವತ್ತೆಂಟನ್ನು ಜೋಡಿಸಿ ಮುಂದೆ ಎರಡು ಡಬ್ಲ್ಯುಎಜಿ-9 ಎಂಜಿನ್ ಕಟ್ಟಿದರೆ ಗಾಡಿ ಏಳೂವರೆ ಮೀಟರ್ ದಾಟುತ್ತದೆ. ಹನ್ನೆರಡಕ್ಕೆ ಹತ್ತು ಅಡಿಯ ನನ್ನ ಕೋಣೆಯ ಗೋಡೆಗುಂಟ ಹಾಸಿದ ಹಳಿ ಹನ್ನೊಂದು ಮೀಟರಿನ ಆಸುಪಾಸು. ಅಂದರೆ ಗಾಡಿ ಓಡುವಾಗ ಕೋಣೆಯ ಮೂರು ಗೋಡೆಗಳ ಮೇಲೂ ಒಟ್ಟಿಗೆ ಇರುತ್ತದೆ.

ಇಷ್ಟುದ್ದದ ಗಾಡಿಗೆ ಎಂಜಿನ್ನಿನ ಬಲ ಸಾಲದು ಎಂದೇ ಹೊಸಬರ ಅಂಜಿಕೆ. ನಿಜವಾದ ಕಷ್ಟ ಇರುವುದು ತಿರುವಿನಲ್ಲಿ. ಮೇಜಿನ ಮೇಲೆ ದಾರವೊಂದನ್ನು ಬಾಗಿಸಿ ಇಟ್ಟು ತುದಿ ಹಿಡಿದೆಳೆಯಿರಿ, ಅದು ನೇರವಾಗಲು ಒಳಕ್ಕೆ ಜಾರುತ್ತದೆ. ರೈಲೂ ಹಾಗೆಯೇ. ಪೆಟ್ಟಿಗೆಯಲ್ಲಿ ಸಿಗುವ 18 ಇಂಚು ತ್ರಿಜ್ಯದ ತಿರುವಿನಲ್ಲಿ ಪಕ್ಕಪಕ್ಕದ ಎರಡು ವ್ಯಾಗನ್‌ಗಳ ನಡುವೆ ಹದಿನೈದು ಡಿಗ್ರಿ ಕೋನ ಏಳುತ್ತದೆ. ಕೊಂಡಿಯ ಎಳೆತದ ಕಾಲುಭಾಗ ವ್ಯಾಗನ್ನನ್ನು ಒಳಕ್ಕೆ ಜಗ್ಗುತ್ತದೆ. ಹಿಂದಿರುವ ಅಷ್ಟೂ ವ್ಯಾಗನ್‌ಗಳ ಭಾರವನ್ನು ಮುಂದಿನ ಕೊಂಡಿಗಳೇ ಹೊರುವುದರಿಂದ ಮೊದಲು ಬೀಳುವುದು ಎಂಜಿನ್ನಿನ ಬೆನ್ನಿಗಿರುವ ಹಗುರ ವ್ಯಾಗನ್. ನನ್ನ ಮೊದಲ ಪ್ರಯತ್ನದಲ್ಲಿ ಮೂರನೆಯ ವ್ಯಾಗನ್ ಒಳಮಗ್ಗುಲಿಗೆ ಮಲಗಿ ಹಿಂದಿನ ಆರನ್ನು ಎಳೆದುಕೊಂಡು ಬಿತ್ತು. ಆಮೇಲೆ ಮೂಲೆಗಳನ್ನೆಲ್ಲ ಕಿತ್ತು ತ್ರಿಜ್ಯವನ್ನು 90 ಸೆಂ.ಮೀ.ಗೆ ಹಿಗ್ಗಿಸಿದೆ. ಕೋನ ಎಂಟು ಡಿಗ್ರಿಗಿಳಿಯಿತು, ಬೀಳುವುದು ಬಹುಮಟ್ಟಿಗೆ ನಿಂತಿತು.

ಇನ್ನೊಂದು ಮದ್ದು ತೂಕ. ಅಮೆರಿಕದ ಮಾದರಿ ರೈಲು ಸಂಘದ ಸೂತ್ರದ ಪ್ರಕಾರ ಎಚ್‌ಒ ವ್ಯಾಗನ್ನಿಗೆ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಬಾಕ್ಸ್‌ಎನ್‌ಗೆ ಇದು 97 ಗ್ರಾಂ ಆಗುತ್ತದೆ. ಕುತೂಹಲಕ್ಕೆ ನಿಜವಾದ ತೂಕವನ್ನು 87ರ ಘನದಿಂದ ಭಾಗಿಸಿ ನೋಡಿದೆ. ತುಂಬಿದ ವ್ಯಾಗನ್ 81 ಟನ್, ಅಂದರೆ 123 ಗ್ರಾಂ. ಖಾಲಿ ವ್ಯಾಗನ್ 34 ಗ್ರಾಂ. ಸೂತ್ರ ನಿಜಕ್ಕೆ ಇಷ್ಟು ಹತ್ತಿರ ಇದೆಯೆಂದು ತಿಳಿದ ದಿನ ನನಗೆ ಬಹಳ ಖುಷಿಯಾಯಿತು. ಹಗುರ ವ್ಯಾಗನ್ ಹಿಂದಕ್ಕೆ, ಭಾರದ್ದು ಮುಂದಕ್ಕೆ ಎಂಬುದು ಇಲ್ಲಿ ಬಿಡಬಾರದ ನಿಯಮ.

ಗಾಡಿ ಇನ್ನೂ ಬೆಳೆದರೆ ಎಳೆತವನ್ನು ಹಂಚಬೇಕು. ದೊಡ್ಡ ರೈಲ್ವೆ ಮಾಡಿದ್ದೂ ಇದನ್ನೇ. 2022ರ ಆಗಸ್ಟ್ 15ರಂದು ಛತ್ತೀಸಗಢದ ಕೋರ್ಬಾದಿಂದ ಹೊರಟ ಸೂಪರ್ ವಾಸುಕಿ ಐದು ಗೂಡ್ಸ್ ಗಾಡಿಗಳನ್ನು ಒಂದಾಗಿ ಹೊಸೆದದ್ದು: 295 ವ್ಯಾಗನ್, ಮೂರೂವರೆ ಕಿಲೋಮೀಟರ್. 2025ರ ಆಗಸ್ಟ್ 7ರ ರುದ್ರಾಸ್ತ್ರದಲ್ಲಿ 354 ವ್ಯಾಗನ್, ಏಳು ಎಂಜಿನ್, ನಾಲ್ಕೂವರೆ ಕಿಲೋಮೀಟರ್ ಉದ್ದ. ಅಷ್ಟೂ ಎಂಜಿನ್ ಮುಂದೆಯೇ ಇದ್ದಿದ್ದರೆ ಕೊಂಡಿ ತಾಳುತ್ತಿರಲಿಲ್ಲ, ಅದಕ್ಕೇ ನಡುನಡುವೆ ಕಟ್ಟಿದರು. ಎಚ್‌ಒ ಅಳತೆಯಲ್ಲಿ ವಾಸುಕಿಗೇ 40 ಮೀಟರ್ ಬೇಕು, ಅದು ಮದುವೆ ಛತ್ರದಲ್ಲಿ ಮಾತ್ರ ಸಾಧ್ಯ.

ನಡುವೆ ಎಂಜಿನ್ ಸೇರಿಸುವುದು ನಾಜೂಕಿನ ಕೆಲಸ. ಹಿಂದಿನ ಎಂಜಿನ್ ಕೊಂಚ ಜಾಸ್ತಿ ತಳ್ಳಿದರೂ ಮುಂದಿನ ವ್ಯಾಗನ್‌ಗಳು ತಿರುವಿನಲ್ಲಿ ಹೊರಮಗ್ಗುಲಿಗೆ ಉಬ್ಬಿ ಹಳಿ ತಪ್ಪುತ್ತವೆ. ಡಿಜಿಟಲ್ ನಿಯಂತ್ರಣದಲ್ಲಿ ಪ್ರತಿ ಎಂಜಿನ್ನಿನೊಳಗೂ ಒಂದು ಚಿಪ್, ಅದಕ್ಕೊಂದು ಸಂಖ್ಯೆ ಇರುತ್ತದೆ, ಹಾಗಾಗಿ ಒಂದೊಂದರ ವೇಗವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ಎರಡು ಎಂಜಿನ್ನನ್ನು ಕೊಂಡಿ ಹಾಕದೆ ಒಂದು ಗೇಣು ದೂರ ಬಿಟ್ಟು ಒಂದೇ ಹಳಿಯಲ್ಲಿ ಸುತ್ತಿಸುತ್ತೇನೆ. ಗೇಣು ಕಡಿಮೆಯಾದರೆ ಹಿಂದಿನದರ ವೇಗ ತಗ್ಗಿಸುವುದು, ಹೆಚ್ಚಾದರೆ ಏರಿಸುವುದು. ಇಪ್ಪತ್ತು ಸುತ್ತಾದರೂ ಗೇಣು ಗೇಣಾಗಿಯೇ ಉಳಿದರೆ ಆ ಜೋಡಿ ಸಿದ್ಧ.

ಘಾಜಿಯಾಬಾದಿನ ಹವೆ ಬೇರೆಯೇ ಪಾಠ ಕಲಿಸುತ್ತದೆ. ಜನವರಿಯ ರಾತ್ರಿಗೂ ಜೂನ್ ಮಧ್ಯಾಹ್ನಕ್ಕೂ ಸುಮಾರು 40 ಡಿಗ್ರಿ ಅಂತರ. ಹನ್ನೊಂದು ಮೀಟರ್ ಹಳಿ ಅಷ್ಟರಲ್ಲಿ 7 ಮಿ.ಮೀ. ಹಿಗ್ಗುತ್ತದೆ. ಚಳಿಗಾಲದಲ್ಲಿ ಹಾಸಿದರೆ ಸಂದುಗಳಲ್ಲಿ ಬಿಡುವು ಇಡಲೇಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಹಳಿ ಸೊಟ್ಟಾಗುತ್ತದೆ. ಇನ್ನು ಧೂಳು. ಕಿಟಕಿ ಮುಚ್ಚಿದ್ದರೂ ಎರಡು ದಿನದಲ್ಲಿ ಹಳಿಯ ಮೇಲೆ ಬೂದು ಪದರ ಕೂತು ಎಂಜಿನ್ನಿಗೆ ಕರೆಂಟು ಮುಟ್ಟದಂತಾಗುತ್ತದೆ. ಗಾಡಿ ಹೊರಡಿಸುವ ಮೊದಲು ಹಳಿಗಳನ್ನು ಬಟ್ಟೆಯಿಂದ ಒರೆಸುವುದು ನನ್ನ ಮಟ್ಟಿಗೆ ಬಾಗಿಲಿಗೆ ನೀರು ಹಾಕಿದಷ್ಟೇ ದಿನನಿತ್ಯದ ಕೆಲಸ.

ಕಳೆದ ಭಾನುವಾರ ಐವತ್ತೆಂಟನ್ನೂ ಕಟ್ಟಿದೆ. ನಾಬನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಎಂಜಿನ್ ಕದಲಿತು, ಮೊದಲ ಕೊಂಡಿ ಟಿಕ್ ಎಂದಿತು, ಮತ್ತೆ ಎರಡನೆಯದು, ಮೂರನೆಯದು. ಪ್ರತಿ ಕೊಂಡಿಯಲ್ಲೂ ಒಂದು ಮಿ.ಮೀ. ಸಡಿಲ ಇರುವುದರಿಂದ ಎಂಜಿನ್ ಮೂರು ಬೆರಳಗಲ ಸಾಗಿದ ಮೇಲೂ ಬ್ರೇಕ್ ವ್ಯಾನ್ ನಿಂತೇ ಇತ್ತು. ಆ ಟಿಕ್ ಟಿಕ್ ಸದ್ದು ಒಂದು ಗೋಡೆಯಿಂದ ಇನ್ನೊಂದಕ್ಕೆ ಹರಿದು, ಅಲಮಾರಿನ ಹಿಂದೆ ಮರೆಯಾಗಿ, ಬಾಗಿಲ ಪಕ್ಕ ಮತ್ತೆ ಕೇಳಿಸಿತು. ನಾಬಿನಿಂದ ಕೈ ತೆಗೆದು ಬಾಗಿಲ ಹತ್ತಿರ ನಿಂತೆ. ಕೊನೆಗೂ ಬ್ರೇಕ್ ವ್ಯಾನ್ ಅಲುಗಿತು.