ನಿಮಗಿದು ಗೊತ್ತೇ? ಕೊಣ್ಣೂರ ಚಾದಂಗಡಿಯ ಮೊಬೈಲ್ ಪಂಚಾಯ್ತಿ

ನರಗುಂದ ತಾಲೂಕಿನ ಕೊಣ್ಣೂರು ಮಲಪ್ರಭೆಯ ದಂಡೆಯ ಊರು. ಹುಬ್ಬಳ್ಳಿಯಿಂದ ಸೊಲ್ಲಾಪುರದ ಕಡೆ ಹೋಗುವ ಹೆದ್ದಾರಿ ಇಲ್ಲೇ ಹೊಳೆ ದಾಟುತ್ತದೆ. ಇಂಥ ಊರಿನ ಚಾದಂಗಡಿಯಲ್ಲಿ ಮಳೆ, ಹೆಸರುಕಾಳಿನ ದರ, ರಾಜಕಾರಣ ಮೂರೂ ಮುಗಿದ ಮೇಲೆ ಮಾತು ಹೊರಳುವುದು ಮೊಬೈಲಿನ ಕಡೆಗೇ. ಯಾವ ಆ್ಯಪ್ ಚಲೋ, ಯಾವುದು ಮೋಸ ಎಂಬುದರ ಬಗ್ಗೆ ಎಲ್ಲರದೂ ಗಟ್ಟಿ ಅಭಿಪ್ರಾಯ. ಈ ಜಗಳಗಳಲ್ಲಿ ಹೆಚ್ಚಿನವು ಎಂದೋ ಯಾರೋ ಕೂತು ಮಾಡಿಟ್ಟ ಒಂದು ತೀರ್ಮಾನದಿಂದ ಹುಟ್ಟಿದವು. ಆ ತೀರ್ಮಾನ ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ನಮ್ಮ ತೀರ್ಪು ಇಲ್ಲಿದೆ. ಒಪ್ಪುವುದು, ಬಿಡುವುದು ನಿಮ್ಮ ಪಾಲಿನ ಕೆಲಸ.

1. "ನುಡಿ ಚಲೋನೋ, ಬರಹ ಚಲೋನೋ?"
ಕಂಪ್ಯೂಟರಿನಲ್ಲಿ ‘ಗದಗ’ ಎಂದು ಬರೆಯಲು ನುಡಿ ಕೀಲಿಮಣೆಯಲ್ಲಿ ಮೂರು ಕೀಲಿ ಒತ್ತಿದರೆ ಸಾಕು. ಬರಹದ ಲಿಪ್ಯಂತರದಲ್ಲಿ ಆರು ಬೇಕು, ಏಕೆಂದರೆ ಅಲ್ಲಿ ಪ್ರತಿ ವ್ಯಂಜನದ ಜೊತೆ ‘ಅ’ಕಾರವನ್ನೂ ಒತ್ತಬೇಕು. ‘ಕೊಣ್ಣೂರು’ ಬರೆಯುವಾಗ ಲೆಕ್ಕ ತಿರುಗುತ್ತದೆ: ನುಡಿಯಲ್ಲಿ ಎಂಟು, ಬರಹದಲ್ಲಿ ಏಳು. ನುಡಿಯಲ್ಲಿ ಒತ್ತಕ್ಷರ ಬೇಕೆಂದರೆ ಎಫ್ ಕೀಲಿಯನ್ನು ಬೇರೆ ಒತ್ತಬೇಕಲ್ಲ! ನುಡಿ ವಿನ್ಯಾಸದ ಬೇರು ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ಕೀಲಿಮಣೆಯಲ್ಲಿದೆ. ಅದನ್ನು ತಂತ್ರಾಂಶವಾಗಿ ನಾಡಿಗೆ ತಲುಪಿಸಿದ್ದು ಕನ್ನಡ ಗಣಕ ಪರಿಷತ್ತು. ‘ಬರಹ’ 1998ರಲ್ಲಿ ಶೇಷಾದ್ರಿವಾಸು ಹೊರತಂದದ್ದು.
ತೀರ್ಪು: ದಿನವಿಡೀ ಟೈಪ್ ಮಾಡುವವರು ನುಡಿ ಕಲಿಯಲಿ. ಅಪರೂಪಕ್ಕೊಂದು ಪತ್ರ ಬರೆಯುವವರಿಗೆ ಬರಹವೇ ಸಲೀಸು.

2. "ಫೈಲ್ ತೆಗದ್ರ ಬರೇ ಇಂಗ್ಲಿಷ್ ಕಸ ಬರತೈತಿ, ವೈರಸ್ ಹೊಕ್ಕೈತೇನೋ!"
ವೈರಸ್ ಅಲ್ಲ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಯ ಮೇಲೆಯೇ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಹೊಲ ಮೀಸಲಾಗಿದೆ.
ತೀರ್ಪು: ಫಾಂಟ್ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದಿಟ್ಟುಕೊಳ್ಳಿ. ಹುಡುಕಿದರೆ ಸಿಗದ ಕನ್ನಡ ಇದ್ದೂ ಇಲ್ಲದಂತೆ.

3. "ಕನ್ನಡದಾಗ ಎಸ್ಸೆಮ್ಮೆಸ್ ಕಳಿಸಿದ್ರ ರೊಕ್ಕ ಜಾಸ್ತಿ ಹೋಗ್ತಿತ್ತು, ಖರೇನೋ ಸುಳ್ಳೋ?"
ಖರೇ. ಇಂಗ್ಲಿಷ್ ಸಂದೇಶ ಒಂದಕ್ಕೆ 160 ಅಕ್ಷರ ಹಿಡಿದರೆ ಕನ್ನಡದ್ದಕ್ಕೆ ಹಿಡಿಯುವುದು 70. ಅದರಲ್ಲೂ ಕಾಗುಣಿತದ ಪ್ರತಿ ಚಿಹ್ನೆ ಬೇರೆ ಎಣಿಕೆ. ಕಣ್ಣಿಗೆ ಮೂರಕ್ಷರವಾಗಿ ಕಾಣುವ ‘ಕೊಣ್ಣೂರು’ ಯಂತ್ರಕ್ಕೆ ಎಂಟು. ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಅದೇ ಹೆಸರು 24 ಬೈಟ್. ರೋಮನ್ ಲಿಪಿಯಲ್ಲಿ ಬರೆದರೆ 6.
ತೀರ್ಪು: ಆಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರಿಗೆ ಕಾರಣವಿತ್ತು. ವಾಟ್ಸ್ಆ್ಯಪ್ ಅಕ್ಷರ ಎಣಿಸಿ ಕಾಸು ಕೇಳುವುದಿಲ್ಲ. ಈಗ ಹಾಗೆ ಬರೆಯುವುದು ಬರೀ ರೂಢಿ.

4. "ಯೂನಿಕೋಡ್‌ನಾಗ ತಪ್ಪೇ ಇರೂದಿಲ್ಲ!"
ಇದೆ, ಅದೂ ಕನ್ನಡದಲ್ಲೇ. ‘ಏೞು’ ಎಂಬಲ್ಲಿ ಬರುವ ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇಟ್ಟಿರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಶುದ್ಧ ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಆ ಮಾನಕದ ನಿಯಮ. ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಸೇರಿಸಿ ಸುಮ್ಮನಾಗಿದ್ದಾರೆ.
ತೀರ್ಪು: ನಿಯಮ ಸರಿ. ಹೆಸರು ಪದೇ ಪದೇ ಬದಲಾದರೆ ಜಗತ್ತಿನ ತಂತ್ರಾಂಶಗಳೆಲ್ಲ ದಿಕ್ಕೆಡುತ್ತವೆ.

5. "ನಮ್ಮ ಮಾತು ಬರದ್ರ ಮೊಬೈಲ್ ಕೆಂಪು ಗೀಟು ಹಾಕತೈತಿ!"
‘ಹೊಂಟೀನಿ’, ‘ಮಾಡಾಕತ್ತಾನ’ ಎಂದರೆ ಕಾಗುಣಿತ ಪರೀಕ್ಷಕಕ್ಕೆ ಕಸಿವಿಸಿ. ಅದಕ್ಕೆ ಉಣಿಸಿದ್ದು ಬಹುತೇಕ ಪುಸ್ತಕದ, ಪತ್ರಿಕೆಯ ಕನ್ನಡ. ಯಾವ ಕನ್ನಡ ಸರಿ ಎಂಬ ಜಗಳ ಮಾತ್ರ ಮೊಬೈಲಿಗಿಂತ ಬಹಳ ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡವನ್ನು ಬಹುವಚನದಲ್ಲಿ ‘ಕನ್ನಡಗಳು’ ಎಂದೇ ಕರೆದು, ಅವುಗಳ ದೋಷ ಪಟ್ಟಿಮಾಡಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎಂಬರ್ಥದ ಮಾತಾಡುತ್ತದೆ.
ತೀರ್ಪು: ‘ನಿಘಂಟಿಗೆ ಸೇರಿಸು’ ಒತ್ತಿ, ನಿಮ್ಮ ಕನ್ನಡವನ್ನೇ ಬರೆಯಿರಿ. ಕಲಿಯಬೇಕಾದದ್ದು ಯಂತ್ರ.

6. "ಕಾಪಿ ಮಾಡಿದ್ದು ಅಸಲೋ ನಕಲೋ?"
ಈ ವಾದಕ್ಕೆ ಕೊಣ್ಣೂರೇ ಸಾಕ್ಷಿ. ಊರಿನ ಹಳೆಯ ಹೆಸರು ಕೊಳನೂರು. ಸೇನಾನಿ ಬಂಕೆಯ ಇಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಅಮೋಘವರ್ಷ 860ರಲ್ಲಿ ದತ್ತಿ ಬಿಟ್ಟನೆಂದು ಹೇಳುವ ಶಿಲಾಶಾಸನ ಪ್ರಸಿದ್ಧ. ಆದರೆ ಕಲ್ಲಿನ ಮೇಲಿರುವುದು ಮೂಲವಲ್ಲ. ತಾಮ್ರಪಟದಲ್ಲಿದ್ದುದನ್ನು ಮುಂದೆ ಕಲ್ಲಿಗೆ ಇಳಿಸಲಾಯಿತೆಂದು ಶಾಸನವೇ ಒಪ್ಪಿಕೊಳ್ಳುತ್ತದೆ. ಅದರ ಕೊನೆಯ ಭಾಗದಲ್ಲಿ ಬರುವ ಮುನಿಗಳ ಹೆಸರುಗಳು 12ನೇ ಶತಮಾನದವು. ಹಾಗಾಗಿ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 6ನೇ ಸಂಪುಟದಲ್ಲಿ ಪ್ರಕಟಿಸುವಾಗ ಕೂಟಶಾಸನವೆಂದು, ಅಂದರೆ ಖೊಟ್ಟಿಯೆಂದು ಗುರುತಿಸಿದರು. ಹಾಗೆಂದು ಇತಿಹಾಸಕಾರರು ಇದನ್ನು ಎಸೆದುಬಿಡಲಿಲ್ಲ. ನಕಲು ತೆಗೆಸಿದವರು ಯಾರು, ಎಲ್ಲಿಂದ ಎಂಬುದನ್ನು ಕಲ್ಲೇ ಹೇಳುವುದರಿಂದ ಒರೆಗೆ ಹಚ್ಚಲು ದಾರಿ ಉಳಿದಿದೆ.
ತೀರ್ಪು: ಬ್ಯಾಕಪ್ ಇರಲೇಬೇಕು, ಅದರಲ್ಲಿ ಮೂಲದ ಹೆಸರು, ತಾರೀಖು ಎರಡೂ ಇರಬೇಕು. ‘ಬಂದದ್ದನ್ನು ಹಾಗೇ ಕಳಿಸೀನಿ’ ಅನ್ನುವ ಸಂದೇಶದಲ್ಲಿ ಎರಡೂ ಇರುವುದಿಲ್ಲ.

7. "ಐದು ಮಂದಿಗಷ್ಟ ಫಾರ್ವರ್ಡ್ ಯಾಕ್ರಿ?"
2018ರ ಜುಲೈ 13ರಂದು ಪಕ್ಕದ ಊರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟು ಬಂದ ಹೊರಊರಿನವರನ್ನು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ಬಗೆದು ಗುಂಪು ಹೊಡೆಯಿತು. ವಾಟ್ಸ್ಆ್ಯಪ್ ಸಂದೇಶ ಮುರ್ಕಿಗೆ ಅವರಿಗಿಂತ ಮೊದಲೇ ತಲುಪಿತ್ತು. ಹೈದರಾಬಾದಿನ ಯುವ ಎಂಜಿನಿಯರೊಬ್ಬರು ಜೀವ ಕಳೆದುಕೊಂಡರು. ದೇಶದ ಹಲವೆಡೆ ಇಂಥವೇ ಕೊಲೆಗಳು ನಡೆದಿದ್ದ ದಿನಗಳವು. ಅದೇ ತಿಂಗಳು ಕಂಪನಿ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು. ಬಹಳ ಕೈ ದಾಟಿ ಬಂದ ಸಂದೇಶಕ್ಕೆ 2020ರಿಂದ ಒಂದೇ ಚಾಟ್.
ತೀರ್ಪು: ಮಿತಿ ಇನ್ನೂ ಬಿಗಿಯಾದರೂ ನಮ್ಮ ತಕರಾರಿಲ್ಲ.

8. "ಗ್ರೂಪಿನಾಗ ಯಾರೋ ಹೊಲಸು ಹಾಕಿದ್ರ ಅಡ್ಮಿನ್‌ಗೆ ಜೈಲಂತಲ್ಲ ಕಾಕಾ?"
ಬೇರೆ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅಪರಾಧಿಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ತಾನೂ ಅದರಲ್ಲಿ ಕೈಜೋಡಿಸಿದ್ದರೆ ಮಾತು ಬೇರೆ.
ತೀರ್ಪು: ಕಾಯ್ದೆ ಬಿಟ್ಟರೂ ಅಳಿಸುವ ಅಧಿಕಾರ ಇರುವುದು ಅಡ್ಮಿನ್ ಕೈಯಲ್ಲೇ. ಅಳಿಸಲಿ.

9. "ನೀಲಿ ಗೀಟು ಬಿದ್ದೈತಿ, ಉತ್ತರ ಇಲ್ಲ. ಸೊಕ್ಕು ನೋಡು!"
ಈ ನೀಲಿ ಗುರುತು ಬಂದದ್ದು 2014ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು, ಆದರೆ ಆಗ ಬೇರೆಯವರು ಓದಿದ್ದೂ ನಿಮಗೆ ಕಾಣದು. ಗ್ರೂಪಿನಲ್ಲಿ ಮಾತ್ರ ಯಾರೂ ತಪ್ಪಿಸಿಕೊಳ್ಳಲಾರರು.
ತೀರ್ಪು: ಅವಸರವಿದ್ದರೆ ಫೋನ್ ಹಚ್ಚಿ.

10. "ಕೈಬರಹದ ಉತಾರಾನೇ ಚಲೋ ಇತ್ತು, ಈ ಕಂಪ್ಯೂಟರ್ ಬಂದು ಎಲ್ಲಾ ಕೆಡ್ತು!"
ಭೂದಾಖಲೆ ಗಣಕೀಕರಣದ ‘ಭೂಮಿ’ ಯೋಜನೆಗೆ ಮುಂಚೆ ರಾಜ್ಯದ ಉತಾರಗಳು (ಪಹಣಿಗಳು) ಸುಮಾರು 9,000 ಗ್ರಾಮ ಲೆಕ್ಕಿಗರ ದಫ್ತರಗಳಲ್ಲಿದ್ದವು. 2000ದ ಆಸುಪಾಸಿನಲ್ಲಿ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದವು. ಆರಂಭದಲ್ಲಿ ಒಂದು ಪ್ರತಿಗೆ 15 ರೂಪಾಯಿ. ಇದರಲ್ಲಿ ಜಾಣ ತೀರ್ಮಾನ ಇನ್ನೊಂದಿತ್ತು: ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಲ್ಲೇ ವಿಲೇವಾರಿ ಮಾಡಬೇಕು, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಹಿಂದಿನ ಅರ್ಜಿಯನ್ನು ಮುಂದೆ ಎಳೆಯುವ ಕೈಗೆ ಇದು ತಡೆಯಾಯಿತು.
ತೀರ್ಪು: ವ್ಯವಸ್ಥೆ ಒಳ್ಳೆಯದು. ಆದರೆ ಅಂದು ತಪ್ಪಾಗಿ ಏರಿಸಿದ ಹೆಸರು ಇಂದೂ ತಪ್ಪಾಗಿಯೇ ಅಚ್ಚಾಗುತ್ತದೆ. ಹೊಲ ಮಾರುವ ದಿನದವರೆಗೆ ಕಾಯದೆ ಇವತ್ತೇ ತೆಗೆಸಿ ನೋಡಿ.

11. "ಫೋನ್‌ಪೇ ಬೋರ್ಡ್ ಕಿತ್ತಿಟ್ರ ಜಿಎಸ್‌ಟಿ ತಪ್ಪತೈತಿ!"
2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ತೂಗಿತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗದ್ದಲ ತಣಿಯಿತು. ವರ್ಷದ ವಹಿವಾಟು ಸರಕಿನದಾದರೆ 40 ಲಕ್ಷ, ಸೇವೆಯದಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಆ ಲೆಕ್ಕದಲ್ಲಿ ನಗದೂ ಸೇರುತ್ತದೆ. ತಾಜಾ ಹಣ್ಣು, ಕಾಯಿಪಲ್ಲೆ, ಹಾಲಿಗೆ ಜಿಎಸ್‌ಟಿಯೇ ಇಲ್ಲ. ಹೆದ್ದಾರಿ ಬದಿಯಲ್ಲಿ ಬರೀ ಪೇರಲ ಹಣ್ಣು ಮಾರುವವರು ಎಷ್ಟು ಯುಪಿಐ ಪಡೆದರೂ ಹೆದರಬೇಕಿಲ್ಲ.
ತೀರ್ಪು: ಬೋರ್ಡ್ ಇರಲಿ, ಜೊತೆಗೊಂದು ಲೆಕ್ಕದ ವಹಿಯೂ ಇರಲಿ.

12. "ರೊಕ್ಕ ಬರಬೇಕಂದ್ರ ಪಿನ್ ಹಾಕ್ರಿ ಅಂದಾನ."
ಅಂದವನು ಕಳ್ಳ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು, ಶಿಲ್ಕು ನೋಡಲು. ಹಣ ಬರಲು ಬೇಡ. ಇಂಟರ್ನೆಟ್ ಇಲ್ಲದ ಬಟನ್ ಫೋನಿನಿಂದಲೂ *99# ಒತ್ತಿ ಹಣ ಕಳಿಸಬಹುದು. ಅಂಥ ಫೋನುಗಳಿಗಾಗಿಯೇ 2022ರಲ್ಲಿ ‘ಯುಪಿಐ 123ಪೇ’ ಬಂತು.
ತೀರ್ಪು: ಈ ಒಂದು ವಾದದಲ್ಲಿ ಎರಡನೇ ಪಕ್ಷವೇ ಇಲ್ಲ.

13. "ನೆಟ್ ಇಲ್ಲಂದ್ರ ಜಿಪಿಎಸ್ ನಡೆಯೂದಿಲ್ಲ!"
ನಡೆಯುತ್ತದೆ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳ ಸಂಕೇತವನ್ನು ಫೋನ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಸಿಮ್ ಕೂಡ ಬೇಡ. ನೆಟ್ ಬೇಕಾಗುವುದು ನಕಾಶೆಯ ಚಿತ್ರಕ್ಕೆ. ನಮ್ಮದೇ ‘ನಾವಿಕ್’ ಪದ್ಧತಿಯ ಪಥದರ್ಶನ ಕೇಂದ್ರ 2013ರಿಂದ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿದೆ. ನಕಾಶೆಯಲ್ಲಿ ನಮ್ಮೂರು ಹುಡುಕುವಾಗ ಒಂದು ಎಚ್ಚರಿಕೆ: ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನಲ್ಲೂ ಒಂದು ಕೊಣ್ಣೂರು ಇದೆ.
ತೀರ್ಪು: ನಕಾಶೆ ಮೊದಲೇ ಇಳಿಸಿಕೊಳ್ಳಿ. ಬೀಗರಿಗೆ ದಾರಿ ಹೇಳುವಾಗ ‘ನರಗುಂದ ತಾಲೂಕು’ ಸೇರಿಸಿ.

14. "ನೀರಾಗ ಬಿದ್ದ ಫೋನ್ ಅಕ್ಕಿ ಡಬ್ಬಿಯೊಳಗ ಇಡು!"
2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ಕೊಣ್ಣೂರಿಗೇ ನುಗ್ಗಿತು, ಹೆದ್ದಾರಿ ಸಂಚಾರ ಕಡಿಯಿತು. ಅಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ ಇದು. ಅಕ್ಕಿಯ ನುಚ್ಚು ಒಳಹೊಕ್ಕು ಫೋನ್ ಕೆಡಿಸಬಹುದು, ಹಾಗೆ ಮಾಡಬೇಡಿ ಎಂದು ಆ್ಯಪಲ್ ಕಂಪನಿ 2024ರಲ್ಲಿ ತನ್ನ ಗ್ರಾಹಕರಿಗೆ ಹೇಳಿತು.
ತೀರ್ಪು: ಚಾರ್ಜಿಂಗ್ ಬಾಯಿ ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಒಣಗುವವರೆಗೆ ಚಾರ್ಜರ್ ಚುಚ್ಚಬೇಡಿ.

15. "ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ರ ಬ್ಯಾಟರಿ ಒಡೀತೈತಿ!"
ತುಂಬಿದ ಮೇಲೆ ಫೋನೇ ಕರೆಂಟ್ ಎಳೆಯುವುದನ್ನು ತಡೆಯುತ್ತದೆ. ಬ್ಯಾಟರಿಯ ಆಯುಷ್ಯ ತಿನ್ನುವುದು ಬಿಸಿ, ಮತ್ತು ಬಹಳ ಹೊತ್ತು ನೂರಕ್ಕೆ ನೂರು ತುಂಬಿರುವುದು. ಹಾಗಾಗಿಯೇ ಈಗಿನ ಅನೇಕ ಫೋನುಗಳಲ್ಲಿ ಶೇ. 80ಕ್ಕೆ ನಿಲ್ಲಿಸುವ ಆಯ್ಕೆ ಇದೆ.
ತೀರ್ಪು: ಹಾಕಬಹುದು. ದಿಂಬಿನ ಕೆಳಗೆ ಮಾತ್ರ ಬೇಡ.

16. "ಟವರ್ ಬಂದು ಗುಬ್ಬಿ ಹೋದ್ವು, ಫ್ಯಾನ್ ಬಂದು ಮಳಿ ಹೋತು!"
ಟವರಿನ ವಿಕಿರಣಕ್ಕೆ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಹತ್ತರಲ್ಲೊಂದು ಪಾಲನ್ನಷ್ಟೇ ಭಾರತ 2012ರ ಸೆಪ್ಟೆಂಬರ್‌ನಿಂದ ಮಿತಿಯಾಗಿಟ್ಟಿದೆ. ಗುಬ್ಬಿ ಕಡಿಮೆಯಾಗಲು ಟವರೇ ಕಾರಣ ಎಂಬುದು ಸಾಬೀತಾಗಿಲ್ಲ. ಹಂಚಿನ, ಮಣ್ಣಿನ ಮನೆ ಹೋಗಿ ಗೂಡಿಗೆ ಜಾಗ ತಪ್ಪಿದ್ದು, ಮರಿಗೆ ಉಣಿಸುವ ಹುಳು ಔಷಧಿಗೆ ಸತ್ತದ್ದು ದೊಡ್ಡ ಕಾರಣಗಳು. ಇನ್ನು ಗಜೇಂದ್ರಗಡ, ಕಪ್ಪತಗುಡ್ಡದ ಕಡೆಯ ಗಾಳಿಯಂತ್ರ: ಅದರ ರೆಕ್ಕೆ ಏರುವುದು ನೂರಿನ್ನೂರು ಮೀಟರ್. ಮಳೆಮೋಡ ಹಲವು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತದೆ. ಗದಗ ಸೀಮೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವುದು ಯಂತ್ರ ಬರುವ ಮೊದಲಿನಿಂದಲೂ.
ತೀರ್ಪು: ಯಂತ್ರದ ಮೇಲೆ ದೂರು ಹೇಳಲು ಸದ್ದು, ರಸ್ತೆ, ಹೊಲದ ಬಾಡಿಗೆ ಇವೆ. ಮಳೆಯನ್ನು ಅದರ ತಲೆಗೆ ಕಟ್ಟಬೇಡಿ.

17. ಗಡಿಬಿಡಿಯಲ್ಲಿರುವವರಿಗೆ
* ‘ಇನ್‌ಕಾಗ್ನಿಟೋ’ದಲ್ಲಿ ನೋಡಿದ್ದು ನಿಮ್ಮ ಫೋನಿನಲ್ಲಿ ಉಳಿಯದು, ನೆಟ್ ಕೊಡುವ ಕಂಪನಿಗೆ ಮರೆಯಾಗದು.
* ಕಪ್ಪು ಪರದೆಯಿಂದ ಬ್ಯಾಟರಿ ಉಳಿಯುವುದು ಓಎಲ್‌ಇಡಿ ಪರದೆಯಲ್ಲಿ. ಎಲ್‌ಸಿಡಿಯಲ್ಲಿ ಉಳಿತಾಯ ಅತ್ಯಲ್ಪ.
* ಸಿಗ್ನಲ್ ಕಡ್ಡಿ ಎಷ್ಟು ತೋರಿಸಬೇಕೆಂಬುದಕ್ಕೆ ಏಕರೂಪ ನಿಯಮವಿಲ್ಲ. ನಿಮ್ಮ ನಾಲ್ಕು, ಗೆಳೆಯನ ಎರಡಕ್ಕೆ ಸಮವಿರಬಹುದು.
* ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಕನ್ನಡ ವಿಕಿಪೀಡಿಯ ಹುಟ್ಟಿದ್ದು 2003ರಲ್ಲಿ.
* ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ಯಾರ ತಪ್ಪೆಂಬ ಪಂಚಾಯ್ತಿ ಆಮೇಲೆ ಮಾಡಿ, ಮೊದಲು 1930ಕ್ಕೆ ಕರೆ ಮಾಡಿ. ದೂರು ಬೇಗ ಹೋದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.