ಮಳೆನಾಡಿನ ಮನೆಯಾಫೀಸು

ನಿಮ್ಮ ಲ್ಯಾಪ್‌ಟಾಪ್ ಮೇಜು
ಯಾವ ಗೋಡೆಗೆ ಒತ್ತಿಕೊಂಡಿದೆ?

ಮನೆಯಲ್ಲೇ ಕೂತು ಕೆಲಸ ಮಾಡೋದು ಕಾಸರಗೋಡಿಗೆ ಹೊಸದಲ್ಲ.
ರಾಷ್ಟ್ರಕವಿ ಗೋವಿಂದ ಪೈಗಳು ಮಂಜೇಶ್ವರದ ಮನೆಯಲ್ಲೇ
ಪುಸ್ತಕಗಳ ನಡುವೆ ಓದಿ ಬರೆದವರು.
ಆ ಮನೆ ಈಗ ‘ಗಿಳಿವಿಂಡು’ ಅನ್ನೋ ಅವರ ಸ್ಮಾರಕ.

ಸರಿ, ಗೋಡೆಗೆ ಬರೋಣ.
ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ.
ಹಳೇ ಮನೆಗಳು ಹೆಚ್ಚಿನವು ಮುರಕಲ್ಲಿನವು.
ಮುರಕಲ್ಲು ಮಣ್ಣಿನ ಹೂಜಿ ಇದ್ದ ಹಾಗೆ,
ಮೈತುಂಬಾ ಸಣ್ಣ ತೂತು.
ಹೂಜಿ ಹೊರಕ್ಕೆ ಬೆವರುತ್ತೆ,
ಗೋಡೆ ಒಳಕ್ಕೆ!
ಆಮೇಲೆ ಫೈಲು, ಚೀಲ, ಹೆಡ್‌ಫೋನಿನ ಸ್ಪಂಜು…
ಎಲ್ಲಕ್ಕೂ ಬೂಷ್ಟು.

ಹಾಗಾಗಿ ಪಡುವಣ ಗೋಡೆ ಬೇಡ.
ಮಳೆ ರಾಚೋದು ಕಡಲ ಕಡೆಯಿಂದ.
ಒಳಗೋಡೆ ಹುಡುಕಿ,
ನಾಲ್ಕು ಬೆರಳು ಜಾಗ ಬಿಡಿ. ಗಾಳಿಯಾಡಲಿ.

ಕಿಟಕಿ ಪಕ್ಕಕ್ಕಿರಲಿ.
ಬೆನ್ನಿಗಿದ್ದರೆ ಸ್ಕ್ರೀನಿನಲ್ಲಿ ಅಂಗಳದ ತೆಂಗೇ ಕಾಣೋದು.
ಹಂಚಿನ ಮಾಡಾದರೆ, ಒಂದು ಗಾಜಿನ ಹಂಚು ಹಾಕಿಸಿ.
ನನ್ನ ಕೇಳಿದರೆ, ದುಬಾರಿ ಲ್ಯಾಂಪಿಗಿಂತ ಅದೇ ವಾಸಿ.

ಅಕ್ಟೋಬರ್ ಬಂತೋ, ಸಂಜೆಯಾದರೆ ಸಿಡಿಲು.
ಫೈಬರ್ ಅಂದರೆ ಗಾಜಿನ ಎಳೆ,
ಅದರಲ್ಲಿ ಕರೆಂಟ್ ಹರಿಯಲ್ಲ, ನಿಜ.
ಆದರೆ ರೂಟರಿನ ಅಡಾಪ್ಟರ್ ಇರೋದು
ಕರೆಂಟಿನ ಪಾಯಿಂಟಿನಲ್ಲೇ ಅಲ್ವಾ?
ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಿ.
ಮೋಡ ಕಟ್ಟುವಾಗಲೇ;
ಗುಡುಗು ಶುರುವಾದ ಮೇಲಲ್ಲ.

ಪಾಯಿಂಟ್ ಮೇಜಿನಡಿ, ಮೂಲೆಯಲ್ಲಿದ್ದರೆ
ಯಾರು ಬಗ್ಗಿ ಕೀಳ್ತಾರೆ, ಹೇಳಿ?
ಎಲೆಕ್ಟ್ರಿಷಿಯನ್ನನ್ನು ಕರೆಸಿ,
ಮೇಜಿನ ಎತ್ತರಕ್ಕೇ ಹಾಕಿಸಿಬಿಡಿ.
ಈ ಮಳೆಗಾಲಕ್ಕೆ ಮುಂಚೆ.