ನಿಮಗಿದು ಗೊತ್ತೆ? ಆಟಿಸಂಗೆ ಲಸಿಕೆ ಕಾರಣವಲ್ಲ
ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯ ಹಬ್ಬಿದ್ದು 1998ರಲ್ಲಿ, ಬರೀ 12 ಮಕ್ಕಳನ್ನು ನೋಡಿ ಬರೆದ ಲೇಖನದಿಂದ. ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ‘ಲಸಿಕೆ ಹಾಕಿಸಿದ ಮೇಲೆಯೇ ಮಗು ಮಾತು ಬಿಟ್ಟಿತಲ್ಲ’ ಎನ್ನುವ ತಾಯಿಯ ಸಂಕಟ ಸುಳ್ಳಲ್ಲ. ಆದರೆ ನಮ್ಮಲ್ಲಿ ದಡಾರ-ರುಬೆಲ್ಲಾ ಎರಡನೇ ಡೋಸ್ ಕೊಡುವುದು 16ರಿಂದ 24 ತಿಂಗಳಿಗೆ. ಹೆಸರು ಕರೆದರೆ ತಿರುಗದಿರುವುದು, ಬೆರಳು ತೋರಿಸಿ ಕೇಳದಿರುವುದು ಮುಂತಾದ ಆಟಿಸಂ ಲಕ್ಷಣಗಳು ಎದ್ದು ಕಾಣುವುದೂ ಅದೇ ವಯಸ್ಸಿನಲ್ಲಿ. ಡೆನ್ಮಾರ್ಕಿನ 6,57,461 ಮಕ್ಕಳ ಮೇಲಿನ 2019ರ ಅಧ್ಯಯನದಲ್ಲಿ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಆಟಿಸಂನ ಕಾರಣಗಳಲ್ಲಿ ದೊಡ್ಡ ಪಾಲು ವಂಶವಾಹಿಗಳದ್ದು. ಆಟಿಸಂ ಗುಣಪಡಿಸಲು ಮೈಯೊಳಗಿನ ಪಾದರಸ ತೆಗೆಯುತ್ತೇವೆಂದು ಮಾಡುವ ‘ಕೀಲೇಶನ್’ ಚಿಕಿತ್ಸೆಗೆ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಬಾಲಕ ಬಲಿಯಾದ. ಹೆಬ್ರಿ, ಕಾರ್ಕಳ, ಕಾಪುವಿನ ಹೆತ್ತವರೇ, ಸಂಶಯ ಬಂದ ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರವೇ ಇದೆ.